ಮಿಲ್ಟ್ರಿ ಪೇಂಟರ್ ಬರೆದ ಮರಳುಗಾಡು

ಗುಂಡ್ಲುಪೇಟೆಯಲ್ಲಿ ಮಿಲ್ಟ್ರಿ ಪೇಂಟರ್ ಅಂದರೆ ಗೊತ್ತಿಲ್ಲದವರಿರಲಿಲ್ಲ. ಶಾಂತಮಲ್ಲಪ್ಪ ಅಂದರೆ ಮಾತ್ರ ಯಾವನಪ್ಪ ಅವನು ಅಂತ ಕೇಳುತ್ತಿದ್ದರು. ಇಬ್ಬರೂ ಒಬ್ಬನೇ. ಊಟಿ ರಸ್ತೆಯ ಪಕ್ಕದ ಒಂದು ಹಳೆಯ ಹೊಗೆಸೊಪ್ಪಿನ ಮಂಡಿಯನ್ನು ಹಿಡಿದು ಅವನು ನಾಟಕದ ಪರದೆ ಬರೆದು ಬಾಡಿಗೆಗೆ ಕೊಡುತ್ತಿದ್ದ. ಅರಮನೆ, ಬೀದಿ, ಉದ್ಯಾನ, ಕೈಲಾಸ ಎಲ್ಲವೂ ಅವನಲ್ಲಿದ್ದವು. ಜನ ಹುಡುಕಿಕೊಂಡು ಬರುತ್ತಿದ್ದದ್ದು ಮಾತ್ರ ಮರಳುಗಾಡಿನ ಪರದೆಗೆ.

ಬೇರೆ ಏನೂ ಅವನ ಕೈಗೆ ನೆಟ್ಟಗೆ ಬರುತ್ತಿರಲಿಲ್ಲ ಅನ್ನುವುದೂ ನಿಜವೇ. ಒಂದು ಸಲ ಬಸ್ ಸ್ಟ್ಯಾಂಡಿನ ಕಾಫಿ ಹೋಟೆಲಿನವನು ಗೋಡೆಯ ಮೇಲೆ ಗೋಪಾಲಸ್ವಾಮಿ ಬೆಟ್ಟ ಬರೆದುಕೊಡು ಅಂದ. ಮಂಜು ಇರಲಿ, ಹಸಿರು ಇರಲಿ, ಒಂದು ಹಿಂಡು ಆನೆ ಇರಲಿ ಅಂತಲೂ ಹೇಳಿದ. ಮಿಲ್ಟ್ರಿ ಎಲ್ಲವನ್ನೂ ಬರೆದ. ಬರೆದು ಮುಗಿಸುವಷ್ಟರಲ್ಲಿ ಬೆಟ್ಟದ ಬೆನ್ನು ಮರಳಿನ ದಿಬ್ಬವಾಗಿತ್ತು, ಮಂಜು ದೂಳಾಗಿತ್ತು, ಆನೆಗಳು ನೀರು ಕಾಣದೆ ಸಾಯಲು ಹೊರಟ ಹಾಗಿದ್ದವು. ಬಂದ ಗಿರಾಕಿ ಕಾಫಿ ಬಿಟ್ಟು ಬರೀ ನೀರು ಕೇಳುತ್ತಾನೆ ಅಂತ ಗೊಣಗಿ ಹೋಟೆಲಿನವನು ಮಾರನೆಯ ವಾರವೇ ಸುಣ್ಣ ಹೊಡೆಸಿಬಿಟ್ಟ. ಮಿಲ್ಟ್ರಿಗೆ ಬೇಜಾರಾಗಲಿಲ್ಲ. ಅವನ ಕಣ್ಣಲ್ಲಿ ಇದ್ದದ್ದೇ ಅದು, ಬೇರೆಯದನ್ನು ಎಲ್ಲಿಂದ ತರಬೇಕು?

ಆ ಮರಳನ್ನು ಅವನು ನೋಡಿದ್ದು ಯುದ್ಧದಲ್ಲಿ. ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ಅಣ್ಣನ ಮೇಲೆ ಮುನಿಸಿಕೊಂಡು ಸೈನ್ಯದ ಲಾರಿ ಕಂಪನಿ ಸೇರಿ, ಹಡಗು ಹತ್ತಿ, ಲಿಬಿಯಾ ಅನ್ನುವ ದೇಶಕ್ಕೆ ಹೋದ. ಅಲ್ಲಿ ಬೆಳಿಗ್ಗೆ ಇದ್ದ ಗುಡ್ಡ ಸಂಜೆಗೆ ಇರುತ್ತಿರಲಿಲ್ಲ. ಹೊತ್ತು ಇಳಿಯುವಾಗ ದಿಬ್ಬದ ಒಂದು ಮಗ್ಗುಲು ಕೆಂಡದ ಬಣ್ಣಕ್ಕೆ ತಿರುಗಿದರೆ ಇನ್ನೊಂದು ಮಗ್ಗುಲು ಕಡು ನೀಲಿ, ನಡುವೆ ಕತ್ತಿಯಲ್ಲಿ ಸೀಳಿದ ಹಾಗೆ ಒಂದು ಗೆರೆ. ಲಾರಿಯ ಹುಡುಗರೆಲ್ಲ ಈ ಹಾಳು ಜಾಗದಲ್ಲಿ ಏನಿದೆ ಅಂತ ಬೈಯುತ್ತಿದ್ದಾಗ ಇವನು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದ. ಹಿಟ್ಟಿನ ಚೀಲದ ಮೇಲೆ ಇದ್ದಲಿನಲ್ಲಿ ಗೀಚುತ್ತಿದ್ದ.

ಒಂದು ಮಧ್ಯಾಹ್ನ ಹೂತುಹೋದ ಲಾರಿ ಚಕ್ರದ ಅಡಿಯಿಂದ ಮರಳು ತೋಡುವಾಗ ಅವನ ಕೊರಳ ಶಿವದಾರ ಕಿತ್ತುಹೋಯಿತು. ಅವ್ವ ದೊಡ್ಡಮಲ್ಲಮ್ಮ ತನ್ನ ಕೈಯಾರೆ ಹೊಸೆದು ಕಟ್ಟಿದ್ದ ದಾರ. ದಾರಕ್ಕೆ ಕಟ್ಟಿದ್ದ ಕರಡಿಗೆ, ಅದರೊಳಗಿನ ಲಿಂಗ, ಎರಡೂ ಮರಳಿನೊಳಗೆ ಇಳಿದುಹೋದವು. ಚಕ್ರ ಮೇಲೆ ಬಂತು, ಲಾರಿಗಳು ಹೊರಟವು, ಸುಬೇದಾರ ಕೂಗಿ ಕೂಗಿ ಸಾಕಾಗಿ ಕೊನೆಯ ಲಾರಿಯಲ್ಲಿ ಬಂದು ಸಾಯಿ ಅಂದ. ಶಾಂತಮಲ್ಲಪ್ಪ ಮೊಣಕಾಲೂರಿ ತೋಡುತ್ತಲೇ ಇದ್ದ. ಲಿಂಗ ಕಳೆದವನು ಬದುಕಬಾರದು ಅನ್ನುವ ಮಾತು ಕೇಳಿ ಬೆಳೆದವನಿಗೆ ಅದಿಲ್ಲದೆ ಎದ್ದು ಹೋಗುವುದು ಆಗುವ ಮಾತೇ ಅಲ್ಲ. ಆಗ ಗಾಳಿ ಎದ್ದಿತು. ಗಾಳಿ ಇಳಿದ ಮೇಲೆ ಲಾರಿಯೂ ಇರಲಿಲ್ಲ, ದಾರಿಯೂ ಇರಲಿಲ್ಲ, ತೋಡಿದ ಗುಂಡಿಯೂ ಇರಲಿಲ್ಲ. ನೀರಿಲ್ಲದೆ ಬಿದ್ದಿದ್ದವನನ್ನು ಒಂಟೆಯವರು ಎತ್ತಿಕೊಂಡು ಹೋದರು, ಅವರಿಂದ ಇಟಲಿಯವರ ಕೈಗೆ ಸಿಕ್ಕ, ಯುದ್ಧ ಮುಗಿಯುವವರೆಗೂ ಕೈದಿಯಾಗಿದ್ದ.

ಬಿಡುಗಡೆಯಾಗಿ, ಚಾಮರಾಜನಗರದಲ್ಲಿ ರೈಲು ಇಳಿದು, ಹರದನಹಳ್ಳಿ ದಾಟಿ ತನ್ನೂರಿಗೆ ನಡೆದ. ಊರಿಗೆ ಮೊದಲು ಸಿಗುವುದು ಅವರ ಮನೆಯ ಕಣ. ಅಲ್ಲಿ ರಾಗಿ ತೂರಿಸುತ್ತಿದ್ದ ಅಣ್ಣ ವೃಷಭೇಂದ್ರಪ್ಪ ಇವನನ್ನು ದೂರದಿಂದಲೇ ಗುರುತಿಸಿ, ಆಳುಗಳನ್ನು ಮನೆಗೆ ಅಟ್ಟಿ, ಒಬ್ಬನೇ ಎದುರು ಬಂದ. ತಬ್ಬಿಕೊಳ್ಳಲು ಬರುತ್ತಿದ್ದಾನೆ ಅಂದುಕೊಂಡ ತಮ್ಮ. ಅಣ್ಣ ಕೈ ಹಾಕಿದ್ದು ಅವನ ಅಂಗಿಯ ಕುತ್ತಿಗೆಗೆ. ಒಳಗೆ ನೋಡಿದ.

"ಲಿಂಗ ಎಲ್ಲಲಾ?" ಅಂದ.

ಶಾಂತಮಲ್ಲಪ್ಪ ನಡೆದದ್ದನ್ನು ಹೇಳಿದ. ಅಣ್ಣ ಅದನ್ನು ಕೊನೆಯವರೆಗೂ ಕೇಳಲಿಲ್ಲ.

"ನೀನು ಸತ್ತೋಗಿದ್ದೀಯ ಕಣ್ಲಾ. ಅವ್ವನೂ ಓದ್ಲು. ನಿನ್ನ ಗದ್ದುಗೆ ಪಕ್ಕದಲ್ಲೇ ಅವ್ಳದ್ನೂ ಕಟ್ಟಿಸಿವ್ನಿ, ಪೂಜೆ ನಡೀತಾ ಅದೆ. ಲಿಂಗ ಕಳ್ಕಂಡೋನು ಅದ್ಯಾವ ಮೊಕ ಇಟ್ಕಂಡು ಊರೊಳಕ್ಕೆ ಬಂದೀಯೆ? ಬಂದ ದಾರೀಲೇ ಓಗ್ಬುಡು."

ಶಾಂತಮಲ್ಲಪ್ಪ ಹೋದ. ಜ್ವರದ ಮೈ, ಅವ್ವ ಸತ್ತ ಸುದ್ದಿ, ಬರಿಯ ಕೊರಳು. ಲಿಂಗ ಹೋದ ದಿನವೇ ತಾನೂ ಹೋಗಬೇಕಿತ್ತು ಅಂತ ಅವನಿಗೇ ಅನ್ನಿಸಿಬಿಟ್ಟಿತ್ತು. ಗುಂಡ್ಲುಪೇಟೆ ಸೇರಿ ಅಂಗಡಿ ಬೋರ್ಡು ಬರೆಯುತ್ತ, ಯಾರ ಮನೆಯ ಜಗುಲಿಯನ್ನೂ ಹತ್ತದೆ ಒಂದು ವರ್ಷ ಕಳೆದ. ಕೊನೆಗೆ ಒಂದು ದಿನ ಮಠವೊಂದರ ಬಾಗಿಲಿಗೆ ಬಣ್ಣ ಬಳಿಯಲು ಹೋದಾಗ ಅಲ್ಲಿನ ಮುದಿ ಸ್ವಾಮಿಗಳು ಯಾಕಪ್ಪ ಹೊಸಿಲಾಚೆಯೇ ನಿಲ್ಲುತ್ತೀ ಅಂತ ಕೇಳಿದರು. ಇವನು ತಡೆಯಲಾರದೆ ಎಲ್ಲವನ್ನೂ ಹೇಳಿದ. ಸ್ವಾಮಿಗಳು ಅರ್ಧ ಕೇಳುವಾಗಲೇ ನೀರು ತರಿಸಿ, ಕಾಲು ತೊಳೆದುಕೊಂಡು ಒಳಗೆ ಬಾ ಅಂದರು. ಹೋದ ಲಿಂಗಕ್ಕೆ ಬದಲು ಇನ್ನೊಂದು ಕಟ್ಟಿದರಾಯಿತು, ಅದಕ್ಕಾಗಿ ಪ್ರಾಣ ಕೊಡು ಅಂತ ಶಿವ ಯಾರನ್ನೂ ಕೇಳಿಲ್ಲ ಅಂದರು. ಅಲ್ಲೇ ಆಗಲೇ ಕಟ್ಟಿದರು.

ಎಷ್ಟು ಸಲೀಸಾಗಿ ಮುಗಿದುಹೋಗಿತ್ತು. ಒಂದು ಮೊಳ ದಾರ, ಒಂದು ಗಳಿಗೆ ಹೊತ್ತು. ಅಣ್ಣನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿಲ್ಲದೆ ಏನು, ಊರಿನ ಮಠದ ಗದ್ದೆಗಳ ಲೆಕ್ಕ ನೋಡುತ್ತಿದ್ದವನೇ ಅವನು. ಆವತ್ತು ಶಾಂತಮಲ್ಲಪ್ಪನ ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಮತ್ತೆ ಆರಲಿಲ್ಲ.

ಅದಕ್ಕೆ ಎಣ್ಣೆ ಹೊಯ್ದವಳು ಮರಿತಾಯಮ್ಮ. ಅವಳು ಅವನೂರಿನವಳೇ, ಸಂತೆಗೆ ವೀಳ್ಯದೆಲೆ ಮಾರಲು ಗುಂಡ್ಲುಪೇಟೆಗೆ ಬರುತ್ತಿದ್ದ ಮುದುಕಿ. ಗಡ್ಡ ಬಿಟ್ಟು ಕರಕಲಾಗಿದ್ದ ಇವನನ್ನು ಊರಿನ ಬೇರೆ ಯಾರೂ ಗುರುತು ಹಿಡಿದಿರಲಿಲ್ಲ. ಅವಳು ಹಿಡಿದಳು, ಅತ್ತಳು, ಕೂತು ಹೇಳಿದಳು. ಸರ್ಕಾರದಿಂದ ಬಂದ ಸುದ್ದಿ ಕಾಣೆಯಾಗಿದ್ದಾನೆ ಅಂತ ಮಾತ್ರ. ದೊಡ್ಡಮಲ್ಲಮ್ಮ ಅದನ್ನೇ ಹಿಡಿದುಕೊಂಡು ದಿನಾ ಒಂದು ತಟ್ಟೆ ಹೆಚ್ಚಿಗೆ ಬಡಿಸಿಟ್ಟು ಕಾಯುತ್ತಿದ್ದಳು. ಹುಡುಗ ಬರುವವರೆಗೂ ಹೊಲ ಪಾಲಾಗಬಾರದು, ಅವನ ಪಾಲು ಅವನದೇ ಅನ್ನುತ್ತಿದ್ದಳು. ವೃಷಭೇಂದ್ರಪ್ಪನೇ ಇನ್ನು ಕಾಯುವುದೇನಿದೆ ಅಂತ ಗದ್ದುಗೆ ಕಟ್ಟಿಸಿ, ಅವ್ವನನ್ನು ರಟ್ಟೆ ಹಿಡಿದು ಕರೆದೊಯ್ದು, ಅವಳ ಕೈಯಿಂದಲೇ ಹೂವು ಏರಿಸಿದ. ಅಲ್ಲಿಂದ ಬಂದವಳು ಆ ತಟ್ಟೆ ಎತ್ತಿಟ್ಟಳು, ತನ್ನದನ್ನೂ ಎತ್ತಿಟ್ಟಳು. ಆಮೇಲೆ ಬಾಯಿಗೆ ಒಂದು ತುತ್ತು ಹಾಕಲಿಲ್ಲ.

ಬಾ, ಊರಿಗೆ ಹೋಗಿ ನಾಲ್ಕು ಜನರ ಮುಂದೆ ನಿಲ್ಲು, ನಾನು ಸಾಕ್ಷಿ ಹೇಳುತ್ತೇನೆ ಅಂದಳು ಮರಿತಾಯಮ್ಮ. ಶಾಂತಮಲ್ಲಪ್ಪ ಒಪ್ಪಲಿಲ್ಲ. ನಾನು ಬದುಕಿದ್ದೇನೆ ಅಂತ ಅವರಿವರ ಮನೆ ಬಾಗಿಲಲ್ಲಿ ನಿಂತು ಭಿಕ್ಷುಕನ ಹಾಗೆ ಒದರಲೇ? ಕೋರ್ಟಿಗೆ ಹೋದರೆ ಹೊಲ ಸಿಗುತ್ತದೆ, ಹೊಲ ಯಾರಿಗೆ ಬೇಕು? ಸತ್ತ ಅಂತ ಹೇಳಿದ ಬಾಯಿಯೇ ಬದುಕಿದ್ದಾನೆ ಅಂತ ಊರೆದುರಿಗೆ ಹೇಳಬೇಕು. ಅದನ್ನು ಹೇಳಿಸದೆ ತಾನು ಸಾಯುವುದಿಲ್ಲ ಅಂದ. ಅವಳು ಬಾಯಿ ಬಿಡುವುದಿಲ್ಲ ಅಂತ ಲಿಂಗ ಮುಟ್ಟಿ ಆಣೆ ಮಾಡಿ ಹೋದಳು.

ಹತ್ತು ವರ್ಷ ಕಾದ. ಕಾಯುತ್ತ ಬರೆದ. ಬರೆದ ಒಂದೊಂದು ಪರದೆಯಲ್ಲೂ ಆ ದಿಬ್ಬಗಳು, ಆ ಕೆಂಡ, ಆ ನೀಲಿ. ಕಾವಿಮಣ್ಣಿಗೆ ಸುಣ್ಣ ಬೆರೆಸಿ, ಹುಣಸೆ ಬೀಜದ ಅಂಟು ಕಾಯಿಸಿ ಹದ ಮಾಡಿ ಅವನು ಮರಳು ಬರೆದರೆ ನೋಡುವವರ ಗಂಟಲು ಒಣಗುತ್ತಿತ್ತು. ಸಿಟ್ಟಿನಲ್ಲಿ ಬರೆದದ್ದೆಲ್ಲ ಚೆನ್ನಾಗಿರುತ್ತದೆ ಅಂತಲ್ಲ. ಅವನದು ಮಾತ್ರ ಚೆನ್ನಾಗಿಯೇ ಇರುತ್ತಿತ್ತು.

ಐವತ್ತಾರನೇ ಇಸವಿಯ ಸುಗ್ಗಿ ಮುಗಿದ ಮೇಲೆ ಶಿವರುದ್ರಸ್ವಾಮಿ ಅನ್ನುವ ನಾಟಕದ ಮೇಷ್ಟ್ರು ಮಂಡಿಗೆ ಬಂದರು. ಹಳ್ಳಿಹಳ್ಳಿ ತಿರುಗಿ ಗೌಡರಿಗೂ ಸಾಹುಕಾರರಿಗೂ ಪಾರ್ಟು ಕಲಿಸುವುದು, ಹಾರ್ಮೋನಿಯಂ ಬಾರಿಸುವುದು ಅವರ ಕಸುಬು. ಕೂತವರೇ ಸುದ್ದಿ ಹೇಳಿದರು. ಇಂಥ ಊರಲ್ಲಿ ಪಂಚಾಯ್ತಿ ಚೇರ್ಮನ್ ವೃಷಭೇಂದ್ರಪ್ಪನವರು ಅಂತ ಇದ್ದಾರೆ. ಅವರ ತಮ್ಮ ಯುದ್ಧದಲ್ಲಿ ಮಡಿದ ವೀರ. ಆ ತಮ್ಮನ ಗದ್ದುಗೆ ಇರುವ ಹೊಲದ ಅಂಚಿಗೇ ಜಾಗ ಕೊಟ್ಟು, ತಮ್ಮನ ಹೆಸರಿನಲ್ಲೇ ಒಂದು ಸ್ಕೂಲು ಕಟ್ಟಿಸಿದ್ದಾರೆ. ತೆರೆಯುವ ದಿನ ತಾಲ್ಲೂಕಿನ ಅಮಲ್ದಾರರೇ ಬರುತ್ತಾರೆ. ಅದಕ್ಕೆ ನಾನೇ ಒಂದು ನಾಟಕ ಬರೆದಿದ್ದೇನೆ, ಮರಳುಗಾಡಿನಲ್ಲಿ ಕಳೆದುಹೋದ ತಮ್ಮನನ್ನು ಹುಡುಕುತ್ತ ಅಲೆಯುವ ರಾಜನ ಕಥೆ. ರಾಜನ ಪಾರ್ಟು ಚೇರ್ಮನ್ನರದೇ. ಅವರು ಅಳುವುದನ್ನು ನೀವು ನೋಡಬೇಕು, ಪ್ರಾಕ್ಟೀಸಿನಲ್ಲೇ ಹೆಂಗಸರೆಲ್ಲ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಮಿಲ್ಟ್ರಿ ಪೇಂಟರ್ ಕುಂಚ ತೊಳೆಯುತ್ತ ಕೇಳಿಸಿಕೊಂಡ.

ಮೇಷ್ಟ್ರಿಗೆ ಬೇಕಾಗಿದ್ದದ್ದು ಒಂದು ಹೊಸ ಪರದೆ. ರಾಜ ಅರಮನೆಯ ಪರದೆಯ ಮುಂದೆ ನಿಂತು ಹಾಡು ಶುರು ಮಾಡುತ್ತಾನೆ. ಹಾಡುತ್ತಿರುವಾಗಲೇ ಅವನ ಬೆನ್ನ ಹಿಂದೆ ಅರಮನೆ ಮೇಲೆ ಸುತ್ತಿಕೊಂಡು ಹೋಗಿ ಮರಳುಗಾಡು ಕಾಣಬೇಕು. ಅರಮನೆ ಇದ್ದವನು ಕಣ್ಣೆದುರಿಗೇ ಕಾಡುಪಾಲಾದ ಹಾಗೆ. ಮಾಡಿಕೊಡುತ್ತೇನೆ ಅಂದ ಮಿಲ್ಟ್ರಿ. ಒಂದೇ ಕರಾರು ಹಾಕಿದ: ಪರದೆಯನ್ನು ತಾನೇ ತಂದು ತಾನೇ ಕಟ್ಟಿ ತಾನೇ ಹಗ್ಗ ಎಳೆಯಬೇಕು, ಆಟಕ್ಕೆ ಮುಂಚೆ ಯಾರೂ ಬಿಚ್ಚಬಾರದು. ಹೊಸ ಬಣ್ಣ, ಬಿಚ್ಚಿ ಸುತ್ತಿದರೆ ಸಿಪ್ಪೆ ಏಳುತ್ತದೆ ಅಂದ. ಅದು ಸುಳ್ಳೂ ಅಲ್ಲ. ಮೇಷ್ಟ್ರು ಒಪ್ಪಿದರು.

ಆ ಪರದೆ ಬರೆದಷ್ಟು ದಿನ ಅವನು ಮಂಡಿಯ ಬಾಗಿಲು ತೆರೆಯಲಿಲ್ಲ. ನಡುವೆ ಮೇಷ್ಟ್ರು ನೋಡಲು ಬಂದಾಗ ಬರೀ ದಿಬ್ಬಗಳಿದ್ದವು, ಒಂದರ ಹಿಂದೆ ಒಂದು, ಆಕಾಶದ ತುದಿಯವರೆಗೂ. ಮೇಷ್ಟ್ರು ಅದರ ಮುಂದೆ ನಿಂತು, ಅಲ್ಲಿಗೆ ನೀವು ಹೋಗಿಬಂದ ಹಾಗೇ ಇದೆಯಲ್ಲ ಅಂದರು. ಮಿಲ್ಟ್ರಿ ನಕ್ಕ. ಅವರು ಹೋದ ಮೇಲೆ ನಡುವಿನ ದಿಬ್ಬದ ನೆತ್ತಿಯ ಮೇಲೆ ಇನ್ನೊಂದನ್ನು ಬರೆದ. ಅದನ್ನು ಅವನು ಒಮ್ಮೆ, ಮುಸ್ಸಂಜೆಯಲ್ಲಿ, ತಲೆಗೆ ಟವಲು ಸುತ್ತಿಕೊಂಡು ಹೋಗಿ ನೋಡಿಬಂದಿದ್ದ. ತನ್ನ ಗದ್ದುಗೆಯನ್ನು ತಾನೇ ನೋಡಿಬಂದವರು ಈ ಸೀಮೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ಶಾಲೆ ತೆರೆಯುವ ದಿನ ಬಂತು. ಅಮಲ್ದಾರರು ಬೇಗ ಹಿಂತಿರುಗಬೇಕು ಅಂತ ಆಟವನ್ನು ಹೊತ್ತು ಮುಳುಗುತ್ತಲೇ ಇಟ್ಟಿದ್ದರು. ಶಾಲೆಯ ಅಂಗಳದಲ್ಲಿ ಅಟ್ಟ ಕಟ್ಟಿ ಗ್ಯಾಸ್ ಲೈಟು ತೂಗುಹಾಕಿದ್ದರು. ಜನ ಕೂತಿದ್ದ ಅಂಗಳದಾಚೆ, ಹೊಲದ ಅಂಚಿನಲ್ಲಿ ಎರಡು ಗದ್ದುಗೆಗಳಿಗೆ ಹೂವು ಹೊದಿಸಿ ದೀಪ ಇಟ್ಟಿದ್ದರು, ಒಂದು ಅವ್ವನದು, ಒಂದು ಮಗನದು. ಅಟ್ಟದ ಮೇಲೆ ನಿಂತರೆ ಅವು ನೇರಕ್ಕೆ ಕಾಣುತ್ತಿದ್ದವು. ಮಿಲ್ಟ್ರಿ ಅಟ್ಟದ ಪಕ್ಕದ ಮರೆಯಲ್ಲಿ ಹಗ್ಗಗಳ ಹತ್ತಿರ ನಿಂತು ಅಣ್ಣ ಬಣ್ಣ ಹಚ್ಚಿಸಿಕೊಂಡು ಬರುವುದನ್ನು ನೋಡಿದ. ಜರತಾರಿ ಅಂಗಿ, ಕಿರೀಟ, ಹೊಟ್ಟೆ ಬಂದಿತ್ತು. ಎದುರಿಗೇ ಹಾದುಹೋದರೂ ಅಣ್ಣ ಹಗ್ಗ ಎಳೆಯುವವನ ಮುಖ ನೋಡಲಿಲ್ಲ. ಪರದೆಯವರ ಮುಖವನ್ನು ಯಾವ ರಾಜ ನೋಡುತ್ತಾನೆ?

ಅಟ್ಟದ ಮುಂಭಾಗದ ಪರದೆ ಮೇಲೆದ್ದಿತು. ವೃಷಭೇಂದ್ರಪ್ಪನ ಕಂಠ ಒಳ್ಳೆಯದು, ಅದನ್ನು ಅವನ ಶತ್ರುವೂ ಒಪ್ಪಬೇಕು. ಕೆರೆ ಏರಿಯವರೆಗೂ ಕೇಳಿಸುವ ದನಿಯಲ್ಲಿ ತಮ್ಮನನ್ನು ಕರೆದು ಹಾಡತೊಡಗಿದ. ಒನ್ಸ್ ಮೋರ್ ಕೂಗಲು ಅವನೇ ನಾಲ್ಕು ಮೂಲೆಗಳಲ್ಲಿ ತನ್ನ ಆಳುಗಳನ್ನು ಕೂರಿಸಿದ್ದ. ನಾಟಕದಲ್ಲಿ ಒನ್ಸ್ ಮೋರ್ ಬಂದರೆ ಪಾರ್ಟುದಾರ ಹಾಡಿದ್ದನ್ನೇ ಇನ್ನೊಮ್ಮೆ ಹಾಡಬೇಕು, ಆಗುವುದಿಲ್ಲ ಅನ್ನುವ ಹಾಗಿಲ್ಲ. ಎಷ್ಟು ಸಲ ಬಂತು ಅನ್ನುವುದೇ ಅವನ ಮರ್ಯಾದೆ.

ಹಾಡಿನ ನಡುವೆ ಮಿಲ್ಟ್ರಿ ಹಗ್ಗ ಎಳೆದ. ರಾಜನ ಬೆನ್ನ ಹಿಂದೆ ಅರಮನೆ ಸುತ್ತಿಕೊಂಡು ಮೇಲೆ ಹೋಯಿತು.

ಮೊದಲು ಜನ ಆಹಾ ಅಂದರು. ಆ ಕೆಂಪು, ಆ ನೀಲಿ, ಆ ಕೊನೆಯಿಲ್ಲದ ಬರಡು. ಆಮೇಲೆ ನೋಡಿದರು. ನಡುವಿನ ದಿಬ್ಬದ ಮೇಲೆ ಅವರ ಊರಿನ ಗದ್ದುಗೆ ಇತ್ತು. ಅದೇ ಕಲ್ಲು, ಅದೇ ದೀಪದ ಗೂಡು, ಒಂದು ಮಗ್ಗುಲು ವಾಲಿದ ಅದೇ ಮೇಲುಚಪ್ಪಡಿ, ಅದರ ಮೇಲೆ ಶಾಂತಮಲ್ಲಪ್ಪ ಅನ್ನುವ ಹೆಸರು. ಚಪ್ಪಡಿ ಪಕ್ಕಕ್ಕೆ ಸರಿದಿತ್ತು. ಒಳಗೆ ಯಾರೂ ಇರಲಿಲ್ಲ. ಖಾಲಿ ಗದ್ದುಗೆಯಿಂದ ಹೆಜ್ಜೆಯ ಗುರುತುಗಳು ಹೊರಬಿದ್ದು, ದಿಬ್ಬ ಇಳಿದು, ದೊಡ್ಡದಾಗುತ್ತ ದೊಡ್ಡದಾಗುತ್ತ ಪರದೆಯ ಕೆಳಅಂಚಿನವರೆಗೂ ಬಂದಿದ್ದವು.

ಅಂಗಳದಲ್ಲಿ ಉಸಿರಿನ ಸದ್ದೂ ಇಲ್ಲ. ಒನ್ಸ್ ಮೋರ್ ಕೂಗಬೇಕಾಗಿದ್ದ ಆಳುಗಳೂ ಬಾಯಿ ಮುಚ್ಚಿಕೊಂಡು ಕೂತಿದ್ದರು. ಪರದೆಗೆ ಬೆನ್ನು ಮಾಡಿ ನಿಂತಿದ್ದ ವೃಷಭೇಂದ್ರಪ್ಪನಿಗೆ ಅದೇನು ಗೊತ್ತು? ತನ್ನ ಹಾಡಿಗೆ ಊರೇ ಮರುಳಾಗಿದೆ ಅಂದುಕೊಂಡು ಇನ್ನಷ್ಟು ಎಳೆದ. ಎಲ್ಲಿ ಹೋದೆಯೋ ನನ್ನ ತಮ್ಮಾ ಅಂತ ಕೈ ಚಾಚಿ ಎದೆ ಬಡಿದುಕೊಂಡ. ಮರೆಯಲ್ಲಿ ನಿಂತಿದ್ದವನಿಗೆ ಅಷ್ಟು ಸುಖ ಹುಟ್ಟಿದ ಮೇಲೆ ಎಂದೂ ಆಗಿರಲಿಲ್ಲ. ಹಾಡು ಮುಗಿಯಲಿ ಅಂತ ಕಾದ, ಒಂದು ಸೊಲ್ಲೂ ಬಿಡದೆ ಕೇಳಿದ. ಮುಗಿದ ಮೇಲೆ, ಮುಂಭಾಗದ ಪರದೆಯ ಹಗ್ಗವನ್ನು, ಬೇರೆ ಯಾರೂ ಅದನ್ನು ಇಳಿಸದ ಹಾಗೆ, ಗೂಟದಿಂದ ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು, ತಲೆಯ ಟವಲು ತೆಗೆದು, ಅಟ್ಟದ ಮೇಲಕ್ಕೆ ಬಂದು ನಿಂತ.

"ಇಲ್ಲೇ ಇವ್ನಿ ಕಣಣ್ಣ," ಅಂದ.

ವೃಷಭೇಂದ್ರಪ್ಪ ತಿರುಗಿದ. ತಮ್ಮನನ್ನು ನೋಡಿದ, ಹಿಂದಿನ ಪರದೆಯನ್ನು ನೋಡಿದ, ಹೆಜ್ಜೆಗಳನ್ನು ನೋಡಿದ. ಬಣ್ಣ ಬಳಿದ ಮುಖದ ಮೇಲೆ ಬೆವರು ಇಳಿಯತೊಡಗಿತು. ಮುಂದಿನ ಸಾಲಿನಲ್ಲಿ ಅಮಲ್ದಾರರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಹಾರ್ಮೋನಿಯಂ ಮೇಲೆ ಮೇಷ್ಟ್ರ ಕೈ ನಿಂತುಹೋಗಿತ್ತು.

"ನಾನ್ಯಾರು, ಊರ್ಗೇಳು," ಅಂದ ಶಾಂತಮಲ್ಲಪ್ಪ. ಅಂಗಿಯ ಗುಂಡಿ ಬಿಚ್ಚಿ ಕೊರಳ ಲಿಂಗ ತೋರಿಸಿದ. "ಈಗ ಇದೂ ಅದೆ. ಏಳು."

ವೃಷಭೇಂದ್ರಪ್ಪ ಹತ್ತು ವರ್ಷದಿಂದ ಚೇರ್ಮನ್ ಆಗಿದ್ದವನು. ಬುದ್ಧಿ ಓಡಿತು. ತೋಳು ಚಾಚಿ, ದನಿಯಲ್ಲಿ ಅಳು ತುಂಬಿ, ಆಹಾ ಇವನೇ ನನ್ನ ತಮ್ಮ ಶಾಂತ, ಬದುಕಿ ಬಂದ ಅಂತ ನಾಟಕದ ರಾಗದಲ್ಲೇ ಕೂಗಿದ. ಇನ್ನು ತಬ್ಬಿಕೊಂಡುಬಿಟ್ಟರೆ ಆಟವೂ ಗೆದ್ದಿತು, ಮಾನವೂ ಉಳಿಯಿತು. ಒಂದಿಬ್ಬರು ಚಪ್ಪಾಳೆಗೆ ಕೈ ಎತ್ತಿಯೂ ಇದ್ದರು.

ಹೆಂಗಸರ ಸಾಲಿನಿಂದ ಮರಿತಾಯಮ್ಮ ಎದ್ದು ನಿಂತಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಒನ್ಸ್ ಮೋರು," ಅಂದಳು.

ಯಾರೂ ನಗಲಿಲ್ಲ. ಪಕ್ಕದವಳು ಅಂದಳು, ಅವಳ ಹಿಂದಿನವರು ಅಂದರು, ಗಂಡಸರ ಕಡೆಯಿಂದಲೂ ದನಿ ಎದ್ದಿತು. ಕಣದಲ್ಲಿ ಆವತ್ತು ರಾಗಿ ತೂರುತ್ತಿದ್ದ ಆಳುಗಳೂ ಕೂಗಿದರು. ಹೇಳಲೇಬೇಕಾಯಿತು. ಎರಡನೆಯ ಸಲ ರಾಗ ಕೈಕೊಟ್ಟಿತು. "ಇವ್ನು ನನ್ನ ತಮ್ಮ. ಸತ್ತಿರ್ನಿಲ್ಲ. ಕಣಕ್ಕೆ ಬಂದಿದ್ದ, ನಾನೇ ಓಡಿಸ್ಬುಟ್ಟೆ," ಅಂದ, ಕಿರೀಟವನ್ನು ಕೈಗೆ ತೆಗೆದುಕೊಂಡು, ಕೆಳಗೆ ನೋಡುತ್ತ.

ಸೇಡು ತೀರಿಸಿಕೊಂಡವನಿಗೆ ಕೊನೆಗೆ ಏನೂ ಸಿಗುವುದಿಲ್ಲ ಅಂತ ಬುದ್ಧಿ ಹೇಳುವವರಿದ್ದಾರೆ. ಶಾಂತಮಲ್ಲಪ್ಪನಿಗೆ ಸಿಕ್ಕಿತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಅಲ್ಲಿಗೆ ಬಿಡಬಹುದಾಗಿತ್ತು. ಅವನು ಬಿಡಲಿಲ್ಲ. ಹಗ್ಗ ಹಿಡಿದ ಕೈಯಿಂದಲೇ ಜನರ ತಲೆಯ ಮೇಲಿಂದ ಆಚೆಗೆ, ದೀಪ ಉರಿಯುತ್ತಿದ್ದ ಕಡೆಗೆ ತೋರಿಸಿದ.

"ಊರ್ಗೇಳ್ದೆ. ಈಗ ಅವ್ವಂಗೇಳು," ಅಂದ. "ಅವ್ವಂಗೆ ಕೇಳೋ ಅಂಗೆ ಏಳು."

ವೃಷಭೇಂದ್ರಪ್ಪ ತಲೆ ಎತ್ತಿದ. ಜನರೆಲ್ಲ ತಿರುಗಿ ಆ ಕಡೆ ನೋಡಿದರು. ಹೂವು ಹೊದ್ದ ಎರಡು ಗದ್ದುಗೆಗಳು, ಎರಡು ದೀಪಗಳು.

"ಅವ್ವಾ," ಅಂದ. ಮುಂದಿನ ಮಾತಿಗೆ ಬಾಯಿ ತೆರೆದ. ಕೆರೆ ಏರಿಯವರೆಗೂ ಹೋಗುತ್ತಿದ್ದ ಕಂಠ ಅಟ್ಟದ ಅಂಚಿಗೂ ಬರಲಿಲ್ಲ. ಇನ್ನೊಮ್ಮೆ ಅವ್ವಾ ಅಂದ. ಆ ಜರತಾರಿ ಅಂಗಿಯಲ್ಲೇ ಹಲಗೆಯ ಮೇಲೆ ಕೂತ. ಅಂಗಳದಲ್ಲಿ ಯಾರೋ ಹೆಂಗಸು ಬಿಕ್ಕಿದಳು. ಇದನ್ನು ಹೇಳಲು ತನ್ನಿಂದಾಗುವುದಿಲ್ಲ ಅಂತ ಅವನಿಗೆ ಗೊತ್ತಾಗಿಹೋಗಿತ್ತು. ಹೇಳದೆ ಏಳುವ ಹಾಗೂ ಇರಲಿಲ್ಲ, ಅಷ್ಟು ಜನ ನೋಡುತ್ತಿದ್ದರು.

"ಪರ್ದೆ ಬುಡ್ಲಾ ಶಾಂತ," ಅಂತ ಪಿಸುಗುಟ್ಟಿದ. "ನಿನ್ನ ದಮ್ಮಯ್ಯ ಅಂತೀನಿ, ಪರ್ದೆ ಬುಟ್ಬುಡು."

ಶಾಂತಮಲ್ಲಪ್ಪ ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಅಣ್ಣನ ಮುಂದಿನ ಮಾತಿಗೆ ಕಾಯುತ್ತ ನಿಂತ.